ಬಿಪಿಗೆ ಪ್ರಾಣಾಯಾಮವೋ ಧ್ಯಾನವೋ? ಮೊದಲು ಮನೆಯೊಳಗಿನ ಗಾಳಿ ನೋಡಿ

ಮುಂಬೈನ ಗೋವಂಡಿಯ ಪುನರ್ವಸತಿ ಕಟ್ಟಡದ ಎರಡನೇ ಮಹಡಿಗೆ ಬಂದಮೇಲೆ ಅಮ್ಮನಿಗೆ ಬಿಪಿ ಏರಿದೆ, ನಿಮಗೆ ನಿದ್ದೆ ಹತ್ತುತ್ತಿಲ್ಲ, ಪ್ರಾಣಾಯಾಮ ಮಾಡಲೋ ಧ್ಯಾನ ಮಾಡಲೋ ಎಂದು ಕೇಳಿದ್ದೀರಿ. ನಾನೂ ಅಂಥದ್ದೇ ಮನೆಯಲ್ಲಿದ್ದವನು. ಎರಡೂ ಆಮೇಲಿನ ಮಾತು. ಎಳೆದುಕೊಳ್ಳುವ ಗಾಳಿಯೇ ಕೆಟ್ಟಿರುವಾಗ ಪ್ರಾಣಾಯಾಮ ಏನು ಮಾಡೀತು?

ಇಂಥವೇ ಪುನರ್ವಸತಿ ಕಟ್ಟಡಗಳಿರುವ ನಟವರ್ ಪಾರೇಖ್, ಲಲ್ಲೂಭಾಯಿ ಕಾಂಪೌಂಡುಗಳಲ್ಲಿ ಕಟ್ಟಡಗಳ ನಡುವೆ ಕೆಲವೆಡೆ 3 ಮೀಟರ್ ಅಂತರ ಅಷ್ಟೇ. ಕೆಳಗಿನ ಮಹಡಿಗಳಿಗೆ ಬಿಸಿಲೂ ಇಳಿಯುವುದಿಲ್ಲ, ಗಾಳಿಯೂ ಆಡುವುದಿಲ್ಲ. ಡಾಕ್ಟರ್ಸ್ ಫಾರ್ ಯೂ ಎಂಬ ಸ್ವಯಂಸೇವಾ ಸಂಸ್ಥೆ ಮತ್ತು ಐಐಟಿ ಬಾಂಬೆ ಸೇರಿ ಮಾಡಿದ ಅಧ್ಯಯನದಲ್ಲಿ ಕ್ಷಯ ಹೆಚ್ಚು ಕಂಡದ್ದೂ ಕೆಳಮಹಡಿಗಳಲ್ಲೇ.

ಇಲ್ಲಿ ಎಲ್ಲರೂ ಎಡವುವುದು ಎಕ್ಸಾಸ್ಟ್ ಫ್ಯಾನ್ ವಿಷಯದಲ್ಲಿ. ನಮ್ಮಲ್ಲೂ ಅದನ್ನು ಅಡುಗೆಕಟ್ಟೆಯ ಕಿಟಕಿಯ ನೆತ್ತಿಗೇ ಕೂರಿಸಲಾಗಿತ್ತು. ಫ್ಯಾನ್ ಗಾಳಿಯನ್ನು ಹುಟ್ಟಿಸುವುದಿಲ್ಲ. ಎಷ್ಟು ಹೊರಹಾಕಿತೋ ಅಷ್ಟೇ ಬೇರೆ ಕಡೆಯಿಂದ ಒಳಬರಬೇಕು. ಕಿಟಕಿ ಪಕ್ಕದಲ್ಲೇ ತೆರೆದಿದ್ದರೆ ಗಾಳಿ ಅಲ್ಲಿಂದ ಬಂದು ಅಲ್ಲಿಂದಲೇ ಹೋಗುತ್ತದೆ, ಅಮ್ಮ ಮಲಗುವ ಮೂಲೆ ಕದಲುವುದೇ ಇಲ್ಲ. ಕಿಟಕಿ ಮುಚ್ಚಿ ಬಾಗಿಲನ್ನೂ ಹಾಕಿದಿರೋ, ಫ್ಯಾನ್ ಬರೀ ಸದ್ದು ಮಾಡುತ್ತದೆ. ಲೆಕ್ಕ ನೋಡಿ: 9 ಇಂಚಿನ ಫ್ಯಾನಿನ ತೂತು ಸುಮಾರು 64 ಚದರ ಇಂಚು. 30 ಇಂಚಿನ ಬಾಗಿಲ ಕೆಳಗೆ ಅರ್ಧ ಇಂಚು ಸಂದಿದ್ದರೆ ಸಿಗುವುದು 15. ಕಾಲುಭಾಗವೂ ಆಗಲಿಲ್ಲ.

ಆದ್ದರಿಂದ ಫ್ಯಾನ್ ಓಡುವಾಗ ಅದರ ಪಕ್ಕದ ಕಿಟಕಿ ಮುಚ್ಚಿ, ಮುಂಬಾಗಿಲು ತೆರೆದು ಹೊರಗಿನ ಜಾಲರಿ ಬಾಗಿಲು (ಸೇಫ್ಟಿ ಡೋರ್) ಮಾತ್ರ ಹಾಕಿ. ಒಂದು ಊದುಬತ್ತಿ ಹಚ್ಚಿ ಹಾಸಿಗೆಯ ಬಳಿ ಹಿಡಿಯಿರಿ. ಹೊಗೆ ಅಡುಗೆಮನೆಯ ಕಡೆ ಬಾಗಿದರೆ ಸರಿ. ನೆಟ್ಟಗೆ ಎದ್ದು ಅಲ್ಲೇ ಸುತ್ತಾಡಿದರೆ ಗಾಳಿಯ ದಾರಿ ಎಲ್ಲೋ ಕಟ್ಟಿದೆ. ಸೊಳ್ಳೆಜಾಲರಿಯಲ್ಲಿ ಎಣ್ಣೆಜಿಡ್ಡು, ಧೂಳು ಕೂತಿರುತ್ತದೆ, ತೊಳೆಯಿರಿ. ಫ್ಯಾನ್ ನಿಂತಾಗ ತಾನಾಗಿ ಮುಚ್ಚಿಕೊಳ್ಳುವ ಪಟ್ಟಿಗಳಿರುವುದನ್ನೇ ಕೊಳ್ಳಿ, ಇಲ್ಲದಿದ್ದರೆ ಎದುರುಮನೆಯ ಒಗ್ಗರಣೆ ಹೊಗೆಯೆಲ್ಲ ನಿಮ್ಮದೇ. ಪ್ಯಾಸೇಜಿನ ಜಾಳಿಗಳಿಗೆ ಹಳೇ ಕಪಾಟು, ತಾಡಪತ್ರಿ ಅಡ್ಡವಿದ್ದರೆ ಮನೆಯೊಳಗೆ ನೀವೇನು ಮಾಡಿದರೂ ದಂಡ. ಸೊಸೈಟಿಯವರನ್ನು ಬೆನ್ನುಹತ್ತಿ ತೆಗೆಸಲೇಬೇಕು. ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ ಬೇಡವೇ ಬೇಡ, ಪರದೆ ಕಟ್ಟಿ.

ಗಾಳಿಯ ಮಾತಾಯಿತು, ಇನ್ನು ನಿದ್ದೆ ಕೆಡಿಸುವ ಸದ್ದು. ಅದು ಅಭ್ಯಾಸವಾಗುತ್ತದೆ ಎನ್ನುವವರ ಮಾತು ನಂಬಬೇಡಿ. ಎಚ್ಚರವಾಗದಿದ್ದರೂ ಹಾರ್ನ್ ಕೇಳಿದಾಗ ನಿದ್ದೆಯಲ್ಲೇ ಎದೆಬಡಿತ, ರಕ್ತದೊತ್ತಡ ಏರುತ್ತವೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಕಾನೂನಿನ ಮಿತಿ 45 ಡೆಸಿಬಲ್. ಲೌಡ್‌ಸ್ಪೀಕರ್ ಅದನ್ನು ಮೀರಿದರೆ 112ಕ್ಕೆ ಫೋನ್ ಮಾಡಿ. ಅಮ್ಮನ ತಲೆದಿಂಬು ರಸ್ತೆಬದಿಯ ಗೋಡೆಗೆ ತಾಗದಿರಲಿ.

ಬಿಪಿ ನೋಡುವುದಕ್ಕೂ ಕ್ರಮವಿದೆ. ಐದು ನಿಮಿಷ ಬೆನ್ನು ಆನಿಸಿ, ಪಾದ ನೆಲಕ್ಕೂರಿ, ಮಾತಿಲ್ಲದೆ ಕೂರಲಿ. ತೋಳು ಎದೆಯ ಮಟ್ಟದಲ್ಲಿರಲಿ. ಬೆಳಿಗ್ಗೆ, ಸಂಜೆ ಎರಡೆರಡು ಸಲದಂತೆ ಒಂದು ವಾರ ಬರೆದಿಡಿ. ಮನೆಯಲ್ಲಿ ನೋಡಿದ ಸರಾಸರಿ 135/85 ಅಥವಾ ಹೆಚ್ಚಿದ್ದರೆ ಆ ಚೀಟಿಯನ್ನು ಡಾಕ್ಟರಿಗೆ ತೋರಿಸಿ. ಈಗಾಗಲೇ ಮಾತ್ರೆ ಇದ್ದರೆ ಗಾಳಿ ಸರಿಯಾಯಿತೆಂದು ನಿಲ್ಲಿಸಬೇಡಿ. ಮನೆಯಲ್ಲಿ ಯಾರಿಗೇ ಆಗಲಿ ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ದವಾಖಾನೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆ, ಔಷಧ ಎರಡೂ ಉಚಿತ. ಕ್ಷಯವೆಂದಾದರೆ ಚಿಕಿತ್ಸೆ ಮುಗಿಯುವವರೆಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1000 ರೂಪಾಯಿಯಂತೆ ಸರ್ಕಾರದ ನಿಕ್ಷಯ್ ಯೋಜನೆಯ ಹಣವೂ ಖಾತೆಗೆ ಬರುತ್ತದೆ, ಬ್ಯಾಂಕ್ ಪಾಸ್‌ಬುಕ್ ಒಯ್ಯಿರಿ.