ಊಟ ಅರ್ಧಕ್ಕೇ ಬಿಡುವ ಹುಡುಗ

ಪ್ರಶ್ನೆ: ಮೇಡಂ, ನಾನು ಮದ್ದೂರು ತಾಲ್ಲೂಕಿನ ಸರ್ಕಾರಿ ಹೈಸ್ಕೂಲೊಂದರಲ್ಲಿ ವಿಜ್ಞಾನ ಶಿಕ್ಷಕಿ. ದಸರಾ ರಜೆ ಮುಗಿದಾಗಿನಿಂದ ಒಂಬತ್ತನೇ ತರಗತಿಯ ಹುಡುಗನೊಬ್ಬ ಮಂಕಾಗಿದ್ದಾನೆ. ಕಬಡ್ಡಿಗೂ ಇಳಿಯಲ್ಲ, ಬಿಸಿಯೂಟ ಅರ್ಧಕ್ಕೇ ಬಿಡುತ್ತಾನೆ. ಯಾರನ್ನಾದರೂ ಕರೆಸಿ ಭಾಷಣ ಮಾಡಿಸೋಣ ಅಂತಾರೆ ಹೆಡ್‌ಮಾಸ್ಟರು. ಅಷ್ಟು ಸಾಕಾ?

ಉತ್ತರ: ಸಾಲದು ಮೇಡಂ. ಇಡೀ ಶಾಲೆಯ ನಡುವೆ ಕೂತು ಅವನು ಬಾಯಿ ಬಿಡುವುದಿಲ್ಲ. ಅವನು ಊಟ ಬಿಡುವುದನ್ನು ಕಂಡವರು ನೀವು, ನೀವೇ ಮಾತಾಡಿ. ಈ ವಾರವೇ.

ಸ್ಟಾಫ್ ರೂಮಿಗೆ ಮಾತ್ರ ಕರೆಸಬೇಡಿ. ಅಲ್ಲಿಗೆ ಕರೆದರೆ ಬೈಗುಳ ಕಾದಿದೆ ಅಂತಲೇ ಮಕ್ಕಳ ಲೆಕ್ಕ. ಲ್ಯಾಬಿನ ಸಾಮಾನು ಎತ್ತಿಡಲು ಕರೆಯಿರಿ. ಕೈಗೆ ಕೆಲಸವಿದ್ದರೆ ಮಾತು ಸಲೀಸು. “ಯಾಕಪ್ಪಾ, ಊಟ ಬಿಡ್ತಿದ್ದೀಯ, ಆಟಕ್ಕೂ ಬರ್ತಿಲ್ಲ. ರಾತ್ರಿ ನಿದ್ದೆ ಬರುತ್ತಾ?” ಅಂತ ಕಂಡದ್ದನ್ನೇ ಕೇಳಿ. ಉತ್ತರ ಬರದಿದ್ದರೆ ಸುಮ್ನೆ ಜೊತೆಗಿರಿ. ಬುದ್ಧಿ ಹೇಳಬೇಡಿ. “ಸಾಯಬೇಕು ಅನಿಸುತ್ತಾ?” ಅಂತ ನೇರವಾಗಿ ಕೇಳಲೂ ಹೆದರಬೇಡಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇದ್ದರೆ ಹೇಳಿಕೊಳ್ಳಲು ದಾರಿ ಸಿಗುತ್ತದೆ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. ಸಾಯಬೇಕು ಅನಿಸುತ್ತೆ ಅಂದರೆ ಅವನನ್ನು ಒಂಟಿಯಾಗಿ ಬಿಡದೆ, ಅಂದೇ ಮನೆಯವರನ್ನು ಕರೆಸಿ, ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಮನೆಯಲ್ಲೇ ಹೊಡೆತ ಬಡಿತ ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಹೇಗೆ ಶುರು ಮಾಡಲಿ ಅಂತ ಅಳುಕಿದ್ದರೆ 14416ಕ್ಕೆ ನೀವೇ ಫೋನ್ ಮಾಡಬಹುದು. ಇದು 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಈ ನಂಬರು ಮಕ್ಕಳ ಡೈರಿಯಲ್ಲೂ ಇರಲಿ.

ಇನ್ನು ಶಾಲೆಯ ಮಾತು. ಮನಸ್ಸಿನ ಕಾಯಿಲೆಗಳಲ್ಲಿ ಮೂರರಲ್ಲೊಂದು ಭಾಗ 14 ವರ್ಷದೊಳಗೇ ಶುರುವಾಗುತ್ತವೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೈಸ್ಕೂಲಿಗೆ ಕಾಲಿಡುವ ವಯಸ್ಸು ಅದೇ ಅಲ್ವಾ? ಅದೇ ವಯಸ್ಸಿನ ಮಕ್ಕಳ ಮಾರ್ಕ್ಸನ್ನು ಇಡೀ ಕ್ಲಾಸಿನ ಎದುರು ಓದುವುದನ್ನು ಮಂಡ್ಯ, ಮೈಸೂರು ಎರಡೂ ಕಡೆ ಕಂಡಿದ್ದೇನೆ. ನನಗೆ ತುಂಬಾ ಸಿಟ್ಟು ಬರುತ್ತದೆ. ಪೇಪರು ಮಡಚಿ ಕೈಗೆ ಕೊಟ್ಟರೆ ಏನು ಕಷ್ಟ? ವರ್ಷಕ್ಕೊಂದು ಭಾಷಣಕ್ಕಿಂತ ಇದರಿಂದ ಜಾಸ್ತಿ ಪ್ರಯೋಜನ.

ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಸರ್ಕಾರಿ ಶಾಲೆಯ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಡಬೇಕು. ಮಕ್ಕಳ ಮನಸ್ಸಿನ ವಿಚಾರವೂ ಅದರಲ್ಲಿದೆ. ನಿಮ್ಮಲ್ಲಿ ಆ ಇಬ್ಬರು ಯಾರು ಅಂತ ಹೆಡ್‌ಮಾಸ್ಟರನ್ನು ಕೇಳಿ. ಯಾರೂ ಇಲ್ಲದಿದ್ದರೆ ನಿಮ್ಮ ಹೆಸರು ಕೊಡಿ.