ನಡೆಯದ ಸಭೆಗೆ ಸಹಿ ಹಾಕಬೇಡಿ

ಸರ್ಕಾರಿ ಪ್ರಾಥಮಿಕ ಶಾಲೆಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಕುರಿತು ಬಂದ ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಸಮಿತಿಯನ್ನು ಹೇಗೆ ರಚಿಸುತ್ತಾರೆ, ಅವಧಿ ಎಷ್ಟು ಎಂಬ ಪಾಠ ಇಲ್ಲಿಲ್ಲ. ಅದು ಯಾವ ತರಬೇತಿ ಕೈಪಿಡಿಯಲ್ಲಾದರೂ ಸಿಗುತ್ತದೆ. ಕೈಪಿಡಿ ಓದಿದವರೂ ಅದೇ ತಪ್ಪುಗಳನ್ನು ಮಾಡುವುದನ್ನು ಶಿಕ್ಷಣ ಇಲಾಖೆಯಲ್ಲಿದ್ದಾಗ ಕಂಡಿದ್ದೇನೆ, ನಿವೃತ್ತನಾಗಿ ಸದಸ್ಯರಿಗೆ ತರಬೇತಿ ಕೊಡುವಾಗಲೂ ಕಾಣುತ್ತಿದ್ದೇನೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದ ಬಹುಪಾಲು ದೂರುಗಳ ಬೇರು ಅಲ್ಲಿದೆ.

ಪ್ರಶ್ನೆ: ನನ್ನ ಮಗಳು ಮೂರನೇ ತರಗತಿಯಲ್ಲಿದ್ದಾಳೆ. ಹೋದ ವರ್ಷ ನನ್ನನ್ನು ಎಸ್‌ಡಿಎಂಸಿ ಸದಸ್ಯೆಯನ್ನಾಗಿ ಮಾಡಿದರು. ಇದುವರೆಗೆ ಒಂದು ಸಭೆಗೂ ಕರೆದಿಲ್ಲ. ಆಗಾಗ ನಡಾವಳಿ ಪುಸ್ತಕವನ್ನು ಮನೆಗೇ ಕಳುಹಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ನಾನು ಓದಿರುವುದು ಐದನೇ ತರಗತಿಯವರೆಗೆ ಮಾತ್ರ. ಸಹಿ ಹಾಕದಿದ್ದರೆ ಮಗಳಿಗೆ ತೊಂದರೆ ಕೊಡುತ್ತಾರೇನೋ ಎಂಬ ಭಯ. ಏನು ಮಾಡಲಿ?
(ಒಬ್ಬ ತಾಯಿ, ಹಾವೇರಿ ಜಿಲ್ಲೆ)

ಉತ್ತರ: ತಾಯಿ, ಸಹಿ ಹಾಕಬೇಡಿ. ಮುಂದಿನ ಸಲ ಪುಸ್ತಕ ಮನೆಗೆ ಬಂದರೆ ಹಾಗೆಯೇ ಹಿಂದಕ್ಕೆ ಕಳುಹಿಸಿ, "ಸಭೆ ಕರೆಯಿರಿ, ಬಂದು ಕುಳಿತು ಸಹಿ ಹಾಕುತ್ತೇನೆ" ಎಂದು ಹೇಳಿ. ಜಗಳ ಬೇಕಿಲ್ಲ, ಇಷ್ಟೇ ಮಾತು ಸಾಕು.

ಇದರಲ್ಲಿ ಇಷ್ಟು ಗಟ್ಟಿಯಾಗಿ ಮಾತನಾಡುವುದಕ್ಕೆ ಕಾರಣವಿದೆ. ಶಾಲೆಯ ಹಣ ಖರ್ಚಾಗುವುದು ಸಮಿತಿಯ ಠರಾವಿನ ಮೇಲೆ. ಸುಣ್ಣಬಣ್ಣಕ್ಕೆ ಇಷ್ಟು, ಪೀಠೋಪಕರಣ ದುರಸ್ತಿಗೆ ಇಷ್ಟು ಎಂದು ನಡಾವಳಿಯಲ್ಲಿ ಬರೆದು, ಕೆಳಗೆ ನಿಮ್ಮ ಸಹಿ ಇದ್ದರೆ, ಕಾಗದದ ಮಟ್ಟಿಗೆ ಆ ಖರ್ಚನ್ನು ನೀವೇ ಒಪ್ಪಿದ್ದೀರಿ. ನಾಳೆ ತಪಾಸಣೆಯಲ್ಲಿ ಬಿಲ್ಲು ಸುಳ್ಳೆಂದು ಗೊತ್ತಾದರೆ ಬರೆದವರು "ಸಮಿತಿ ತೀರ್ಮಾನಿಸಿತ್ತು" ಎಂದು ಕೈ ತೊಳೆದುಕೊಳ್ಳುತ್ತಾರೆ. ಅಧ್ಯಕ್ಷರಾದವರು ಇನ್ನೂ ಎಚ್ಚರವಾಗಿರಬೇಕು: ಶಾಲೆಯ ಖಾತೆ ಮುಖ್ಯ ಶಿಕ್ಷಕರ ಜೊತೆ ಜಂಟಿಯಾಗಿರುತ್ತದೆ, ಖಾಲಿ ಚೆಕ್ಕಿಗೋ ಮೊತ್ತ ಬರೆಯದ ಪಾವತಿ ಕಾಗದಕ್ಕೋ ಸಹಿ ಮಾಡಿಕೊಟ್ಟವರು ನಂತರ ಕಚೇರಿಗಳಿಗೆ ಅಲೆಯುವುದನ್ನು ನಾನು ನೋಡಿದ್ದೇನೆ. ಅವರಲ್ಲಿ ಒಬ್ಬರೂ ಕಳ್ಳರಾಗಿರಲಿಲ್ಲ. "ಮೇಷ್ಟ್ರು ಕೇಳಿದರು, ಇಲ್ಲ ಎನ್ನಲಾಗಲಿಲ್ಲ" ಎನ್ನುವ ಒಳ್ಳೆಯ ಜನ.

ಇನ್ನು ಓದಿಲ್ಲ ಎಂಬ ಅಳುಕು. ಸಮಿತಿಯಲ್ಲಿ ಓದಿದವರು ಮಾತ್ರ ಇರಬೇಕೆಂದಿದ್ದರೆ ಕಾನೂನು ಹಾಗೆಯೇ ಬರೆಯುತ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು ಎನ್ನುತ್ತದೆ. ವಿದ್ಯಾರ್ಹತೆಯ ಮಾತು ಅಲ್ಲಿಲ್ಲ. ಕರ್ನಾಟಕ ಈ ದಾರಿ ಹಿಡಿದದ್ದು ಕಾಯ್ದೆಗಿಂತ ಮೊದಲೇ. ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರ ಏಪ್ರಿಲ್‌ನಲ್ಲಿ ಸರ್ಕಾರ ಆದೇಶ ಹೊರಡಿಸಿ, ಹಳೆಯ ಗ್ರಾಮ ಶಿಕ್ಷಣ ಸಮಿತಿಗಳ ಜಾಗದಲ್ಲಿ ಎಸ್‌ಡಿಎಂಸಿಗಳನ್ನು ತಂದಿತು. ಊರಿನ ಗಣ್ಯರ ಕೈಯಲ್ಲಿದ್ದ ಶಾಲೆ ಮಕ್ಕಳ ತಂದೆತಾಯಿಯರ ಕೈಗೆ ಬರಲಿ ಎಂಬುದೇ ಆಗಿನ ಉದ್ದೇಶ. ನಿಮ್ಮಂಥವರಿಗಾಗಿಯೇ ಮಾಡಿದ ಕುರ್ಚಿ ಅದು. ಅಂದಹಾಗೆ, "ಸದಸ್ಯೆಯನ್ನಾಗಿ ಮಾಡಿದರು" ಎಂದು ಬರೆದಿದ್ದೀರಿ. ಯಾರೋ ಮಾಡುವುದಲ್ಲ, ಪೋಷಕರ ಸಭೆ ಆರಿಸಬೇಕು. ನಿಮ್ಮೂರಿನಲ್ಲಿ ಆ ಸಭೆಯಾದರೂ ನಡೆದಿತ್ತೇ ಎಂದು ವಿಚಾರಿಸಿ.

ಮಗಳ ಬಗೆಗಿನ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಣ್ಣ ಊರು, ಒಂದೇ ಶಾಲೆ. ಆದ್ದರಿಂದ ಒಬ್ಬರೇ ಹೋಗಬೇಡಿ. ಇನ್ನಿಬ್ಬರು ಮೂವರು ಸದಸ್ಯೆಯರನ್ನು ಜೊತೆಗೆ ಕರೆದುಕೊಂಡು ಹೋಗಿ, ಸಭೆ ಕರೆಯಲು ಬರವಣಿಗೆಯಲ್ಲಿ ಕೇಳಿ, ಒಂದು ಪ್ರತಿಗೆ ಸ್ವೀಕೃತಿ ಸಹಿ ಪಡೆದುಕೊಳ್ಳಿ. ಪ್ರಯೋಜನವಾಗದಿದ್ದರೆ ಅದೇ ಪ್ರತಿಯನ್ನು ಕ್ಲಸ್ಟರ್‌ನ ಸಿಆರ್‌ಪಿಗೆ (ಹತ್ತಿರದ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ) ಕೊಡಿ, ನಂತರ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ. ಮಗುವಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ತಾಯಿ ಪ್ರಶ್ನೆ ಕೇಳಿದಳೆಂದು ಮಗಳನ್ನು ಹಂಗಿಸಿದರೆ ಆ ಶಿಕ್ಷಕರ ಮೇಲೆ ಶಿಸ್ತುಕ್ರಮಕ್ಕೆ ಅವಕಾಶವಿದೆ. ಈ ಮಾತು ಮುಖ್ಯ ಶಿಕ್ಷಕರಿಗೂ ಚೆನ್ನಾಗಿ ಗೊತ್ತಿರುತ್ತದೆ.

ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ಮನೆಗೆ ಪುಸ್ತಕ ಕಳುಹಿಸುವ ಮುಖ್ಯ ಶಿಕ್ಷಕರೆಲ್ಲ ಮೋಸಗಾರರಲ್ಲ. ತರಗತಿಯೂ ಅವರದೇ, ಬಿಸಿಯೂಟದ ಲೆಕ್ಕವೂ ಅವರದೇ, ಆನ್‌ಲೈನ್ ಮಾಹಿತಿ ತುಂಬುವುದೂ ಅವರೇ. ಕರೆದರೂ ಸದಸ್ಯರು ಬಾರದೆ ಬೇಸತ್ತು ಈ ಅಡ್ಡದಾರಿ ಹಿಡಿದವರು ಬಹಳ ಮಂದಿ. ಕೂಲಿ ಬಿಟ್ಟು ಬರುವುದು ಕಷ್ಟವೆಂದರೆ ಸಭೆಯ ಹೊತ್ತನ್ನು ಬದಲಿಸಲು ಕೇಳಿ, ಬೆಳಿಗ್ಗೆ ಶಾಲೆ ಶುರುವಾಗುವ ಮುಂಚೆಯಾದರೂ ಆಗಲಿ. ಆದರೆ ಒಮ್ಮೆ ಕರೆದಾಗ ಹೋಗಲೇಬೇಕು. ಹೋಗದವರಿಗೆ ದೂರುವ ಹಕ್ಕಿಲ್ಲ.

ಹೋಗಿ ಏನು ಕೇಳಬೇಕು? ಮೊದಲು ಹಣ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ: 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000. ಅದರಲ್ಲಿ ಕನಿಷ್ಠ ಶೇಕಡ 10 ಸ್ವಚ್ಛತೆಗೆ ಹೋಗಬೇಕು. ಹಾಗಿದ್ದೂ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಬಿದ್ದಿದ್ದರೆ ಆ ಪಾಲು ಎಲ್ಲಿಗೆ ಹೋಯಿತೆಂದು ಕೇಳಿ. ಪಾಸ್‌ಪುಸ್ತಕದಲ್ಲಿ ಸೊನ್ನೆ ತೋರಿಸಿ "ಹಣವೇ ಬಂದಿಲ್ಲ" ಎಂದರೆ ಅಲ್ಲಿಗೆ ಸುಮ್ಮನಾಗಬೇಡಿ. ಕೆಲವು ವರ್ಷಗಳಿಂದ ಹಣ ಶಾಲೆಯ ಖಾತೆಯಲ್ಲಿ ಬಂದು ಕೂರುವುದಿಲ್ಲ. ರಾಜ್ಯದ ಒಂದೇ ಖಾತೆಯಲ್ಲಿರುತ್ತದೆ, ಶಾಲೆಗೆ ಖರ್ಚಿನ ಮಿತಿ ಮಾತ್ರ ನಿಗದಿಯಾಗುತ್ತದೆ. "ನಮ್ಮ ಶಾಲೆಗೆ ಈ ವರ್ಷದ ಮಿತಿ ಎಷ್ಟು, ಇದುವರೆಗೆ ಎಷ್ಟು ಖರ್ಚಾಗಿದೆ, ಬಿಲ್ಲು ಎಲ್ಲಿದೆ" ಎಂದು ಕೇಳಿ. ಜೂನ್‌ನಲ್ಲಿ ಮೂಡದ ಅಗತ್ಯಗಳು ಮಾರ್ಚ್ ಕೊನೆಯ ವಾರದಲ್ಲಿ ಒಮ್ಮೆಲೇ ಮೂಡಿದರೆ ಬಿಲ್ಲುಗಳನ್ನು ಒಂದೊಂದಾಗಿ ನೋಡಿ, ತಂದ ವಸ್ತುವನ್ನು ಕಣ್ಣಾರೆ ಕಾಣಿ. ನೋಡಲು ಐದನೇ ತರಗತಿಯ ಓದು ಧಾರಾಳವಾಯಿತು.

ಆದರೆ ಹಣದ ಪ್ರಶ್ನೆಯಲ್ಲೇ ಸಭೆ ಮುಗಿಸಬೇಡಿ. ಅಧ್ಯಕ್ಷರು ಧ್ವಜಾರೋಹಣಕ್ಕೆ, ಸದಸ್ಯರು ಸಿಹಿ ಹಂಚುವುದಕ್ಕೆ, ಉಳಿದದ್ದು ಕಾಂಪೌಂಡು ಬಣ್ಣಕ್ಕೆ ಎಂದು ಸಮಿತಿಗಳು ಹಾಳಾಗಿರುವುದು ಇಲ್ಲಿಯೇ. ಮಗು ಕಲಿಯುತ್ತಿದೆಯೇ ಎಂಬುದೇ ಮುಖ್ಯ ಲೆಕ್ಕ. ಮೂರನೇ ತರಗತಿ ಮುಗಿಸುವ ಹೊತ್ತಿಗೆ ಪ್ರತಿ ಮಗುವೂ ಅರ್ಥವಾಗುವಂತೆ ಓದಬೇಕು, ಸರಳ ಲೆಕ್ಕ ಮಾಡಬೇಕು ಎಂಬುದು 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ ಯೋಜನೆಯ ಗುರಿ. ನಿಮ್ಮ ಮಗಳು ಇರುವುದೇ ಮೂರನೇ ತರಗತಿಯಲ್ಲಿ. ಇವತ್ತು ಸಂಜೆ ಅವಳ ಎರಡನೇ ತರಗತಿಯ ಕನ್ನಡ ಪುಸ್ತಕ ತೆಗೆದು, ಅವಳು ಬಾಯಿಪಾಠ ಮಾಡಿರದ ಒಂದು ಪುಟ ಓದಿಸಿ. ತಡವರಿಸಿದರೆ ಗದರಬೇಡಿ. ಸಭೆಯಲ್ಲಿ ಕೇಳಿ: ಮೂರನೇ ತರಗತಿಯಲ್ಲಿ ಓದಲು ಬಾರದ ಮಕ್ಕಳು ಎಷ್ಟು, ಅವರಿಗಾಗಿ ಯಾವ ಹೊತ್ತಿನಲ್ಲಿ ಏನು ಮಾಡುತ್ತಿದ್ದೀರಿ? ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಮುಂದಿನ ತಿಂಗಳು ಅದೇ ಪ್ರಶ್ನೆಯನ್ನು ಮತ್ತೆ ಕೇಳಿ. ಇದರ ಜೊತೆಗೇ, ಹಾಜರಿ ಪುಸ್ತಕದಲ್ಲಿ ಹೆಸರಿದ್ದು ವಾರಗಟ್ಟಲೆ ಶಾಲೆಯಲ್ಲಿ ಕಾಣದ ಮಕ್ಕಳು ಯಾರೆಂದು ಕೇಳಿ. ಯಾವ ಮನೆಯ ಮಗು ಕುರಿ ಕಾಯಲು ಹೋಗಿದೆ, ಯಾವ ಮನೆ ಕಬ್ಬು ಕಡಿಯಲು ವಲಸೆ ಹೋಗಿದೆ ಎಂಬುದು ಬೇರೆ ಊರಿನಿಂದ ಬಂದು ಹೋಗುವ ಶಿಕ್ಷಕರಿಗೆ ಗೊತ್ತಾಗುವ ಮೊದಲೇ ನಿಮಗೆ ಗೊತ್ತಿರುತ್ತದೆ. ಸಮಿತಿಯಲ್ಲಿ ಪೋಷಕರನ್ನು ಕೂರಿಸಿದ್ದರ ನಿಜವಾದ ಬೆಲೆ ಅದು.

ನಡಾವಳಿಯನ್ನು ಸಭೆ ಮುಗಿಯುವ ಮುನ್ನ ಗಟ್ಟಿಯಾಗಿ ಓದಿಸಿ, ಖಾಲಿ ಸಾಲುಗಳಿದ್ದರೆ ಗೆರೆ ಎಳೆಸಿ, ಆಮೇಲೆ ಸಹಿ ಹಾಕಿ.

ಪ್ರಶ್ನೆ: ಹೆಂಡತಿ ಸದಸ್ಯೆ. ಅವಳ ಬದಲು ನಾನು ಸಭೆಗೆ ಹೋಗಬಹುದೇ?

ಉತ್ತರ: ಇಲ್ಲ. ಆ ಹೊತ್ತಿನಲ್ಲಿ ಮನೆಯಲ್ಲಿದ್ದು ಮಗುವನ್ನು ನೋಡಿಕೊಳ್ಳಿ, ಅವರು ಹೋಗಿ ಬರಲಿ.

ಪ್ರಶ್ನೆ: ನಾನು ಅಧ್ಯಕ್ಷ. ತಡವಾಗಿ ಬರುವ ಶಿಕ್ಷಕಿಯ ಸಂಬಳ ತಡೆಯಬಹುದೇ? ತರಗತಿಗೆ ಹೋಗಿ ವಿಡಿಯೊ ಮಾಡಿ ಫೇಸ್‌ಬುಕ್‌ಗೆ ಹಾಕಬಹುದೇ?

ಉತ್ತರ: ಸಂಬಳ ತಡೆಯುವ, ವರ್ಗ ಮಾಡುವ, ಅಮಾನತು ಮಾಡುವ ಅಧಿಕಾರ ನಿಮಗಿಲ್ಲ. ನಿಯಮಿತವಾಗಿ, ಸಮಯಕ್ಕೆ ಸರಿಯಾಗಿ ಬರುವುದು ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಪ್ರಕಾರ ಶಿಕ್ಷಕರ ಕರ್ತವ್ಯ. ತಪ್ಪಿದರೆ ಅವರ ಮಾತನ್ನೂ ಕೇಳಿ ಕ್ರಮ ಕೈಗೊಳ್ಳಬೇಕಾದದ್ದು ಇಲಾಖೆ. ತಡವಾದ ದಿನಾಂಕಗಳನ್ನು ಬರೆದಿಟ್ಟು, ಸಮಿತಿಯಲ್ಲಿ ಚರ್ಚಿಸಿ, ಠರಾವಿನೊಂದಿಗೆ ಬಿಇಒಗೆ ಕಳುಹಿಸಿ. ತಡವಾಗುವುದಕ್ಕೆ ಊರಿನ ಮೊದಲ ಬಸ್ಸೇ ಕಾರಣವಾಗಿದ್ದರೆ ಅದನ್ನೂ ಬರೆಯಿರಿ. ಇನ್ನು ವಿಡಿಯೊ. ಪಾಠ ಮಾಡುತ್ತಿರುವ ಹೆಣ್ಣುಮಗಳ ಮುಖಕ್ಕೆ ಮೊಬೈಲ್ ಹಿಡಿಯುವುದು ಮೇಲುಸ್ತುವಾರಿಯಲ್ಲ, ದೌರ್ಜನ್ಯ. ಊರ ಮಕ್ಕಳ ಮುಖಗಳನ್ನು ಹೀಗೆ ಬೀದಿಗೆ ಹಾಕುವ ಹಕ್ಕನ್ನು ಯಾರೂ ನಿಮಗೆ ಕೊಟ್ಟಿಲ್ಲ.

ಪ್ರಶ್ನೆ: ಶಾಸಕರು ಹೇಳಿದವರೇ ಅಧ್ಯಕ್ಷರಾಗಬೇಕಂತೆ, ನಿಜವೇ?

ಉತ್ತರ: 21ನೇ ಕಲಂನಲ್ಲಿ ಶಾಸಕರ ಹೆಸರೇ ಇಲ್ಲ. ಹೀಗೆ ಹೇಳಿದವರಿಂದ ಆದೇಶದ ಸಂಖ್ಯೆ, ದಿನಾಂಕ ಕೇಳಿ.

ಪ್ರಶ್ನೆ: ಶಾಲೆಯ ಅಭಿವೃದ್ಧಿಗೆಂದು ಪ್ರತಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ಕಡ್ಡಾಯ ಮಾಡೋಣವೆಂದಿದ್ದೇವೆ. ಕೊಡದವರ ಮಕ್ಕಳ ಟಿಸಿ ತಡೆಹಿಡಿಯಬಹುದೇ?

ಉತ್ತರ: ತಡೆಹಿಡಿದರೆ ಕಾನೂನು ಮುರಿದವರು ನೀವಾಗುತ್ತೀರಿ. ಎಂಟನೇ ತರಗತಿಯವರೆಗಿನ ಶಿಕ್ಷಣ ಉಚಿತ, ಕೇಳಿದ ತಕ್ಷಣ ವರ್ಗಾವಣೆ ಪತ್ರ ಕೊಡುವುದು ಮುಖ್ಯ ಶಿಕ್ಷಕರ ಹೊಣೆ. 2022ರ ಅಕ್ಟೋಬರ್‌ನಲ್ಲಿ ಇಲಾಖೆಯೇ ಎಸ್‌ಡಿಎಂಸಿಗಳ ಮೂಲಕ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಸುತ್ತೋಲೆ ಹೊರಡಿಸಿ, ಜನ ತಿರುಗಿಬಿದ್ದ ಮೇಲೆ ಕೆಲವೇ ದಿನಗಳಲ್ಲಿ ಹಿಂಪಡೆಯಿತು. ಅದರಲ್ಲೂ ದೇಣಿಗೆ ಸ್ವಇಚ್ಛೆಯದೆಂದೇ ಇತ್ತು. ಕಾಂಪೌಂಡು, ಆಟದ ಮೈದಾನ, ಶೌಚಾಲಯಗಳಿಗೆ ಗ್ರಾಮ ಪಂಚಾಯಿತಿಯ ಬಾಗಿಲು ತಟ್ಟಿ. ಕೂಲಿಕಾರರ ಜೇಬಿಗೆ ಕೈ ಹಾಕುವುದಕ್ಕಿಂತ ಅದು ಕಷ್ಟದ ಕೆಲಸ, ಆದರೆ ನಿಮ್ಮ ಕೆಲಸ.

ಪ್ರಶ್ನೆ: ನಮ್ಮ ಸಮಿತಿ ಬಿಸಿಯೂಟದಲ್ಲಿ ಮೊಟ್ಟೆ ಬೇಡವೆಂದು ಠರಾವು ಮಾಡಿದೆ. ಮೇಲಿನವರು ಒಪ್ಪುತ್ತಿಲ್ಲ.

ಉತ್ತರ: ಒಪ್ಪಬಾರದು. ತಿನ್ನದ ಮಗುವಿಗೆ ಬಾಳೆಹಣ್ಣು ಇದೆ. ತಿನ್ನುವ ಮಗುವಿನ ತಟ್ಟೆಯಿಂದ ಮೊಟ್ಟೆ ಕಿತ್ತುಕೊಳ್ಳುವ ಅಧಿಕಾರ ನಿಮ್ಮ ಸಮಿತಿಗಿಲ್ಲ. ಅಡುಗೆಯವರ ಜಾತಿ ವಿಚಾರಿಸಿ ಬರೆದ ಇನ್ನೊಂದು ಪತ್ರಕ್ಕೆ ಇಲ್ಲಿ ಉತ್ತರವಿಲ್ಲ. ಬರೆದವರು 1989ರ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯನ್ನು ಓದಿಕೊಳ್ಳಲಿ.

ಪ್ರಶ್ನೆ: ಮಕ್ಕಳು ಖಾಸಗಿ ಶಾಲೆಯಲ್ಲಿದ್ದಾರೆ. ಅಲ್ಲಿ ಎಸ್‌ಡಿಎಂಸಿ ಕೇಳಬಹುದೇ?

ಉತ್ತರ: ಅನುದಾನರಹಿತ ಶಾಲೆಗೆ 21ನೇ ಕಲಂ ಅನ್ವಯಿಸುವುದಿಲ್ಲ. ಅನುದಾನಿತ ಶಾಲೆಯಲ್ಲಿ ಸಮಿತಿ ಇರುತ್ತದೆ, ಆದರೆ 2012ರ ತಿದ್ದುಪಡಿಯ ನಂತರ ಅದು ಸಲಹೆ ಮಾತ್ರ ಕೊಡಬಹುದು.

ಪ್ರಶ್ನೆ: "ಮಿಡ್‌ಬ್ರೇನ್ ಆಕ್ಟಿವೇಷನ್" ಶಿಬಿರ ಮಾಡುತ್ತೇವೆ, ಮಕ್ಕಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುತ್ತಾರೆ, ಬುದ್ಧಿ ಚುರುಕಾಗುತ್ತದೆ ಎಂದು ಒಬ್ಬರು ಬಂದಿದ್ದಾರೆ. ತಲೆಗೆ 500 ರೂಪಾಯಿ ಕೇಳುತ್ತಾರೆ, ಅದರಲ್ಲಿ ಸ್ವಲ್ಪ ಶಾಲೆಗೂ ಕೊಡುತ್ತಾರಂತೆ. ಸಮಿತಿಯಲ್ಲಿ ಹಲವರು ಒಪ್ಪಿದ್ದಾರೆ.

ಉತ್ತರ: ಇದು ವಂಚನೆ. ಮಧ್ಯಮಿದುಳು ಮಿದುಳಿನ ಬುಡದಲ್ಲಿರುವ ಒಂದು ಭಾಗ, ಹುಟ್ಟಿದಾಗಿನಿಂದಲೇ ಕೆಲಸ ಮಾಡುತ್ತಿರುತ್ತದೆ. ಅದನ್ನು ಯಾರೂ ಬಂದು ಎಬ್ಬಿಸಬೇಕಾಗಿಲ್ಲ. ಕಟ್ಟಿದ ಬಟ್ಟೆಗೂ ಮೂಗಿಗೂ ನಡುವೆ ಉಳಿಯುವ ಸಂದಿಯಿಂದ ಮಗು ಕೆಳಗೆ ನೋಡುತ್ತದೆ, ಅಷ್ಟೇ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಈ ಮೋಸವನ್ನು ಸಾರ್ವಜನಿಕವಾಗಿ ಬಯಲಿಗೆಳೆದಿದ್ದಾರೆ. ನೀವೇ ಪರೀಕ್ಷಿಸಬೇಕೆಂದರೆ ಆ ಸಂದಿಗೆ ಹತ್ತಿ ತುಂಬಿ, ಅಥವಾ ಪುಸ್ತಕವನ್ನು ಮಗುವಿನ ಹಣೆಗಿಂತ ಮೇಲೆ ಹಿಡಿದು ಓದಲು ಹೇಳಿ. ಓದು ಅಲ್ಲಿಗೆ ನಿಲ್ಲುತ್ತದೆ. ನನ್ನನ್ನು ಹೆಚ್ಚು ನೋಯಿಸುವುದು ದುಡ್ಡಿನ ನಷ್ಟವಲ್ಲ. ದೊಡ್ಡವರ ಮೆಚ್ಚುಗೆಗಾಗಿ ಸುಳ್ಳು ಹೇಳುವುದನ್ನು ಶಾಲೆಯ ಕೊಠಡಿಯಲ್ಲೇ ಮಗುವಿಗೆ ಕಲಿಸುತ್ತಾರೆ, ಅದೂ ಸಮಿತಿಯ ಒಪ್ಪಿಗೆಯೊಂದಿಗೆ. ನೆನಪಿನ ಶಕ್ತಿಯ ಪುಡಿ ಮಾರುವವರಿಗೂ, "ಬೆಂಗಳೂರಿನಿಂದ ಅನುದಾನ ಮಂಜೂರು ಮಾಡಿಸುತ್ತೇನೆ, ಶೇಕಡ ಇಷ್ಟು ಕೊಡಿ" ಎಂದು ಬರುವ ಮಧ್ಯವರ್ತಿಗಳಿಗೂ ಇದೇ ಉತ್ತರ: ಗೇಟಿನಿಂದಲೇ ವಾಪಸ್ ಕಳುಹಿಸಿ. ಈಗಾಗಲೇ ಮಕ್ಕಳಿಂದ ಹಣ ಸಂಗ್ರಹಿಸಿದ್ದರೆ ಈ ವಾರವೇ ಪೋಷಕರನ್ನು ಕರೆದು ಹಿಂದಿರುಗಿಸಿ, ಬಂದವರ ಕರಪತ್ರವನ್ನು ಲಗತ್ತಿಸಿ ಬಿಇಒ ಕಚೇರಿಗೆ ಬರೆದು ತಿಳಿಸಿ. ಪಕ್ಕದೂರಿನ ಸಮಿತಿಗೂ ಫೋನ್ ಮಾಡಿ, ಈ ಶಿಬಿರದವರು ನಾಳೆ ಅಲ್ಲಿಗೆ ಹೋಗುತ್ತಾರೆ.