ಸ್ವಿಫ್ಟ್ ಕಾರಿನ 14 ಇಂಚಿನ ರಿಮ್ ತೆಗೆದು 16 ಇಂಚಿನದು ಹಾಕಿಸಬಹುದೇ?

ಹಾಕಿಸಬಹುದು. ಆದರೆ ರಿಮ್ ದೊಡ್ಡದಾದಷ್ಟೂ ಟೈರಿನ ಪಕ್ಕದ ಗೋಡೆ ಗಿಡ್ಡ ಆಗಬೇಕು. ಚಕ್ರದ ಒಟ್ಟು ಎತ್ತರ ಮೊದಲಿನಷ್ಟೇ ಉಳಿಯಬೇಕು.

ಲೆಕ್ಕ ಸುಲಭ. ನಿಮ್ಮದು 165/80 ಆರ್14 ಟೈರ್ ಎಂದುಕೊಳ್ಳೋಣ. 165 ಅಂದರೆ ಟೈರಿನ ಅಗಲ, ಮಿ.ಮೀ.ಗಳಲ್ಲಿ. ಅದರಲ್ಲಿ 80 ಪರ್ಸೆಂಟ್ ಅಂದರೆ 132 ಮಿ.ಮೀ. ಅದೇ ಗೋಡೆಯ ಎತ್ತರ. ಅದು ರಿಮ್ಮಿನ ಮೇಲೂ ಕೆಳಗೂ ಇರುವುದರಿಂದ ಎರಡರಿಂದ ಗುಣಿಸಿ, 14 ಇಂಚಿನ ರಿಮ್ಮಿನ 355.6 ಮಿ.ಮೀ. ಕೂಡಿಸಿ. ಸುಮಾರು 620 ಆಯಿತು. 195/55 ಆರ್16 ಹಾಕಿದರೆ 621. ಹೆಚ್ಚುಕಡಿಮೆ ಒಂದೇ, ಅಲ್ವಾ? ಅದೇ 205/60 ಆರ್16 ಆದರೆ 652. ಅದು 5 ಪರ್ಸೆಂಟ್ ಜಾಸ್ತಿ. ಕಾರು ಅಷ್ಟೇ ಜಾಸ್ತಿ ವೇಗದಲ್ಲಿ ಓಡಿದರೂ ಮೀಟರ್ ಮೊದಲಿನಷ್ಟೇ ತೋರಿಸುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ಟೈರ್ ಒಳಗೆ ಉಜ್ಜುವ ಭಯವೂ ಇದೆ.

ಲೆಕ್ಕ ಸರಿಬಂದರೂ ನನಗೆ 16 ಇಂಚು ಇಷ್ಟವಿಲ್ಲ. ಗೋಡೆ 132ರಿಂದ 107 ಮಿ.ಮೀ.ಗೆ ಇಳಿಯುತ್ತದೆ. ಗುಂಡಿಯ ಏಟು ತಡೆಯುವುದು ಈ ರಬ್ಬರು ಮತ್ತು ಒಳಗಿನ ಗಾಳಿ. ಅದು ಕಡಿಮೆಯಾದರೆ ರಿಮ್ ಬೆಂಡಾಗುತ್ತದೆ, ಟೈರಿನ ಪಕ್ಕ ಉಬ್ಬುತ್ತದೆ. ನಮ್ಮ ರಸ್ತೆಗಳಲ್ಲಿ ಇದು ಸಣ್ಣ ಮಾತಲ್ಲ. 185/65 ಆರ್15 ಸಾಕು. ಸ್ವಿಫ್ಟ್‌ನ ಮೇಲಿನ ಮಾಡೆಲ್‌ಗಳಿಗೆ ಕಂಪನಿಯೇ ಈ ಸೈಜ್ ಕೊಟ್ಟಿತ್ತು, ಎತ್ತರವೂ ಸುಮಾರು 621.

ರಿಮ್ ಕೊಳ್ಳುವಾಗ ಸುಮ್ನೆ ಡಿಸೈನ್ ನೋಡಿ ಒಪ್ಪಬೇಡಿ. ನಾಲ್ಕು ಬೋಲ್ಟ್, 100 ಮಿ.ಮೀ. ಪಿಸಿಡಿ (ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ) ಇರಬೇಕು. ಟೈರಿನ ಲೋಡ್ ಇಂಡೆಕ್ಸ್, ಅಂದರೆ ಅದು ಎಷ್ಟು ಭಾರ ಹೊರಬಲ್ಲದು ಎಂದು ಹೇಳುವ ಸಂಖ್ಯೆ, ಹಳೆಯದಕ್ಕಿಂತ ಕಡಿಮೆ ಇರಬಾರದು. ಇನ್ಶೂರೆನ್ಸ್ ಕಂಪನಿಗೂ ಮೊದಲೇ ತಿಳಿಸಿ.